ಕುರ್ಚಿ ಭಾರದಲ್ಲಿ ಬರುವುದಿಲ್ಲ

ಆ ಹುಡುಗಿಯ ಬೆನ್ನು ಕೆಡಿಸಿದವರಲ್ಲಿ ನಾನೂ ಒಬ್ಬ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಬೇರೆಯವರನ್ನು ಬಯ್ಯಲು ನನಗೆ ಬಾಯಿ ಬರುತ್ತದೆ.

ನಾನು ಶಾಲೆಯ ಅಟೆಂಡರ್. ಇಪ್ಪತ್ತೆರಡು ವರ್ಷ ಗಂಟೆ ಹೊಡೆದಿದ್ದೇನೆ. ಮಕ್ಕಳು ಗಂಟೆ ಮಾವ ಅನ್ನುತ್ತವೆ. ಪ್ರಾಂಶುಪಾಲರು ‘ಏಯ್’ ಅನ್ನುತ್ತಾರೆ. ಎರಡಕ್ಕೂ ತಿರುಗಿ ನೋಡುತ್ತೇನೆ.

ನಮ್ಮ ಶಾಲೆಗೆ ಮೂರು ಮಹಡಿ. ಮಹಡಿಗೆ ಹದಿನೆಂಟರಂತೆ ಐವತ್ತನಾಲ್ಕು ಮೆಟ್ಟಿಲು. ಲಿಫ್ಟ್ ಇದೆ. ಒಳಗೆ ಮೂರು ಕಡೆ ಕನ್ನಡಿ. ಹೊರಗೆ ಒಂದು ಬೋರ್ಡು: ‘ಸಿಬ್ಬಂದಿ ಮತ್ತು ಅತಿಥಿಗಳಿಗೆ ಮಾತ್ರ. ಮಕ್ಕಳೇ, ಮೆಟ್ಟಿಲು ಹತ್ತಿ, ಆರೋಗ್ಯವಂತರಾಗಿ.’ ನಾನು ಸಿಬ್ಬಂದಿಯಲ್ಲಿ ಬರುತ್ತೇನೋ ಇಲ್ಲವೋ ಎಂದು ಇಷ್ಟು ವರ್ಷದಲ್ಲಿ ಯಾರೂ ಹೇಳಲಿಲ್ಲ. ಹಾಗಾಗಿ ನಾನೂ ಮೆಟ್ಟಿಲು ಹತ್ತಿ ಆರೋಗ್ಯವಂತನಾದೆ. ಈಗ ಸೊಂಟಕ್ಕೆ ಪಟ್ಟಿ ಕಟ್ಟದೆ ಬಗ್ಗಲಾರೆ.

ಹುಡುಗಿಗೆ ಹನ್ನೆರಡು ವರ್ಷ. ಏಳನೇ ತರಗತಿ, ಮೂರನೇ ಮಹಡಿ. ಸಣಕಲು ಮೈ, ಉದ್ದ ಕಾಲು. ಎಲ್ಲರೂ ಕಡ್ಡಿ ಅನ್ನುತ್ತಿದ್ದರು. ಅವಳಮ್ಮ ನಮ್ಮ ಶಾಲೆಯಲ್ಲೇ ಕಕ್ಕಸು ತೊಳೆಯುತ್ತಾಳೆ. ಅಮ್ಮ ಹಿಂದಿನ ಬಾಗಿಲಿನಿಂದ ಬರಬೇಕು, ಮಗಳು ಮುಂದಿನ ಬಾಗಿಲಿನಿಂದ. ಶಾಲೆಯೊಳಗೆ ಒಬ್ಬರನ್ನೊಬ್ಬರು ಮಾತಾಡಿಸಬಾರದು ಎಂದು ಇಬ್ಬರಿಗೂ ಹೇಳಿದ್ದರು. ಬೇರೆ ಮಕ್ಕಳಿಗೆ ಮುಜುಗರ ಆಗಬಾರದಲ್ಲ. ಹಾಗಾಗಿ ಮಗಳು ಎದುರಿಗೆ ಬಂದರೆ ಅಮ್ಮ ಬಕೆಟ್ಟಿನ ಕಡೆ ನೋಡುತ್ತಿದ್ದಳು.

ಬಡವರ ಮಕ್ಕಳಿಗೆ ಇಂತಿಷ್ಟು ಸೀಟು ಉಚಿತವಾಗಿ ಕೊಡಬೇಕು ಎಂದು ಕಾನೂನಿದೆ. ನಮ್ಮ ಶಾಲೆ ಕಾನೂನನ್ನು ಅಕ್ಷರ ಬಿಡದೆ ಪಾಲಿಸುತ್ತದೆ. ಸೀಟು ಉಚಿತ ಎಂದು ಬರೆದಿದೆ. ಸೀಟಿಗೆ ಬೆನ್ನಿರಬೇಕು ಎಂದು ಬರೆದಿಲ್ಲ. ಶುಲ್ಕ ಕಟ್ಟುವ ಮಕ್ಕಳಿಗೆ ಒರಗಿಕೊಳ್ಳುವ ಹೊಸ ಡೆಸ್ಕು ಬಂದಾಗ ಉಚಿತ ಸೀಟಿನವರಿಗೆ ಹಳೆಯ ಬೆಂಚು ಉಳಿಯಿತು. ಬೆನ್ನಿಲ್ಲದ ಬೆಂಚು. ಅದನ್ನು ಕೊನೆಯ ಸಾಲಿಗೆ ತಳ್ಳಿದವನು ನಾನೇ. ಪುಸ್ತಕ ಇಡಲು ಲಾಕರ್ ಬಂತು. ಲಾಕರಿಗೆ ಬೇರೆ ಶುಲ್ಕ. ಉಚಿತ ಸೀಟಿನವರು ದಿನಾ ಅಷ್ಟೂ ಪುಸ್ತಕ ಬೆನ್ನಿಗೆ ಹಾಕಿಕೊಂಡು ಬರಬೇಕು, ಹಾಕಿಕೊಂಡು ಹೋಗಬೇಕು. ಕಡ್ಡಿ ಮನೆಯಿಂದ ಶಾಲೆಗೆ ಅರ್ಧ ಗಂಟೆ ನಡೆಯುತ್ತಿದ್ದಳು. ಅವಳ ಚೀಲದ ಒಂದು ಪಟ್ಟಿ ಹರಿದಿತ್ತು. ಅಷ್ಟೂ ಭಾರ ಬಲ ಭುಜದ ಮೇಲೆ.

ಇದು ಸಾಲದು ಎಂಬಂತೆ ಸೇವಾ ಪಡೆ ಹುಟ್ಟಿತು. ಅದು ಹುಟ್ಟಿದ್ದು ನನ್ನ ಸೊಂಟದಿಂದ.

ದಿನಾ ಬೆಳಗ್ಗೆ ವ್ಯಾನಿನಲ್ಲಿ ಹನ್ನೊಂದು ಕ್ಯಾನು ಕುಡಿಯುವ ನೀರು ಬರುತ್ತಿತ್ತು. ಒಂದೊಂದರಲ್ಲಿ ಇಪ್ಪತ್ತು ಲೀಟರು. ಅಷ್ಟನ್ನೂ ಮೇಲೆ ಹೊರುತ್ತಿದ್ದವನು ನಾನು. ಒಂದು ದಿನ ಎರಡನೇ ಮಹಡಿಯ ತಿರುವಿನಲ್ಲಿ ಸೊಂಟ ಹಿಡಿದುಕೊಂಡಿತು. ಅಲ್ಲೇ ಕೂತುಬಿಟ್ಟೆ. ಇನ್ನು ನನ್ನ ಕೈಲಾಗುವುದಿಲ್ಲ ಎಂದು ಆಫೀಸಿಗೆ ಹೋಗಿ ಹೇಳಿದೆ. ಪ್ರಾಂಶುಪಾಲರು ಬಯ್ಯಲಿಲ್ಲ. ಒಂದು ವಾರದಲ್ಲಿ ಹತ್ತೊಂಬತ್ತು ಮಕ್ಕಳ ಎದೆಗೆ ಬಿಲ್ಲೆ ಬಂತು. ಬಿಲ್ಲೆಯ ಮೇಲೆ ಎರಡು ಕೈ, ಕೆಳಗೆ ‘ಸೇವೆಯೇ ಶಿಕ್ಷಣ’. ಹತ್ತೊಂಬತ್ತೂ ಉಚಿತ ಸೀಟಿನ ಮಕ್ಕಳು. ಸೇವಾ ಮನೋಭಾವ ಅವರಲ್ಲಿ ಹುಟ್ಟಿನಿಂದಲೇ ಇರುತ್ತದಂತೆ, ಹಾಗೆಂದು ಪಿ.ಟಿ. ಮೇಷ್ಟರು ಪ್ರಾರ್ಥನೆಯ ಹೊತ್ತಿನಲ್ಲಿ ಹೇಳಿದರು.

ನೀರು ಹೊರುವುದನ್ನು ಮಕ್ಕಳಿಗೆ ಕಲಿಸಲು ನನಗೆ ಹೇಳಿದರು. ಕಲಿಸಿದೆ. ಕ್ಯಾನನ್ನು ಗೋಣಿಯಲ್ಲಿ ಕೂರಿಸಬೇಕು. ಆ ತುದಿ ಒಬ್ಬರು, ಈ ತುದಿ ಒಬ್ಬರು. ಮೆಟ್ಟಿಲಿನಲ್ಲಿ ಮುಂದಿನವರು ಹಿಂದಕ್ಕೆ ನಡೆಯಬೇಕು, ಕೆಳಗಿನವರು ಮೇಲಕ್ಕೆ ಎತ್ತಿ ತಳ್ಳಬೇಕು. ಕೆಳಗಿನವರ ಮೇಲೆ ಭಾರ ಹೆಚ್ಚು. ಕಡ್ಡಿಯ ಜೊತೆಗಾರ ಗಾರೆ ಕೆಲಸದವನ ಮಗ, ಕುಳ್ಳ.

“ನೀನು ಉದ್ದ ಇದೀಯಲ್ಲ, ಕೆಳಗೆ ನೀನೇ ಹಿಡ್ಕೊ,” ಅಂದೆ.

“ಸರಿ ಮಾವ,” ಅಂದಳು.

ಅಷ್ಟೇ. ನನ್ನ ಸೊಂಟ ಉಳಿಯಿತು.

ನಾಲ್ಕು ತಿಂಗಳು ಹೊತ್ತಳು. ಆಮೇಲೆ ಪ್ರತಿ ತಿರುವಿನಲ್ಲೂ ಗೋಣಿ ಇಳಿಸಿ, ಎರಡೂ ಕೈ ಸೊಂಟದ ಮೇಲಿಟ್ಟು ನಿಲ್ಲತೊಡಗಿದಳು. ಹನ್ನೆರಡರ ಹುಡುಗಿ ಮುದುಕಿಯ ಹಾಗೆ ಗೋಡೆ ಹಿಡಿದು ಮೆಟ್ಟಿಲು ಇಳಿಯುತ್ತಿದ್ದಳು. ಪಾಠದ ನಡುವೆ ಬೆಂಚಿನ ಮೇಲೆ ಮಿಸುಕಾಡುತ್ತಿದ್ದಳು. ತರಗತಿಯ ಟೀಚರಿಗೆ ಹೇಳಿದಳು. “ಬೆನ್ನು ನೆಟ್ಟಗೆ ಇಟ್ಕೊಂಡು ಒರಗಿ ಕೂತ್ಕೋ, ಸರಿಹೋಗುತ್ತೆ,” ಅಂದರು ಟೀಚರು. ಬೆನ್ನಿಲ್ಲದ ಬೆಂಚಿನಲ್ಲಿ ಎಲ್ಲಿಗೆ ಒರಗುವುದು ಎಂದು ಹುಡುಗಿ ಕೇಳಿದಳು. ಎದುರು ಮಾತಾಡಿದ್ದಕ್ಕೆ ಹೊರಗೆ ನಿಲ್ಲಿಸಿದರು. ಗೋಡೆ ಸಿಕ್ಕಿತು, ಒರಗಿಕೊಂಡಳು.

ಪಿ.ಟಿ. ಮೇಷ್ಟರು ಒಂದೇ ಮಾತಿನಲ್ಲಿ ರೋಗ ಕಂಡುಹಿಡಿದರು. “ನಾಟಕ.”

ಆಪ್ತ ಸಲಹೆಗಾರ್ತಿ ಅಂತ ಒಬ್ಬರಿದ್ದಾರೆ, ವಾರಕ್ಕೆರಡು ಸಲ ಬರುತ್ತಾರೆ. ಅವರ ಹತ್ತಿರ ಕಳಿಸಿದರು. ಹುಡುಗಿಯನ್ನು ಕರೆದುಕೊಂಡು ಹೋದವನು ನಾನೇ, ಬಾಗಿಲಲ್ಲಿ ನಿಂತಿದ್ದೆ.

“ದಿನಕ್ಕೆ ಎಷ್ಟು ಗಂಟೆ ಮೊಬೈಲ್ ನೋಡ್ತೀಯಾ ಪುಟ್ಟಾ?”

“ನೋಡಲ್ಲ ಮಿಸ್.”

“ಸುಳ್ಳು ಹೇಳ್ಬಾರ್ದು. ಈಗಿನ ಮಕ್ಕಳ ಬೆನ್ನು ಹಾಳಾಗ್ತಿರೋದೇ ಅದರಿಂದ.”

“ಮನೇಲಿ ಇರೋದೊಂದು, ಅಮ್ಮನ ಹತ್ರ. ಬಟನ್ನಿಂದು. ಅದರಲ್ಲಿ ನೋಡೋಕೇನೂ ಇಲ್ಲ.”

ಅವರು ಕಾಗದದಲ್ಲಿ ‘ಮೊಬೈಲ್ ಬಳಕೆಯನ್ನು ಒಪ್ಪಿಕೊಳ್ಳುತ್ತಿಲ್ಲ’ ಎಂದು ಬರೆದುಕೊಂಡರು.

ಒಂದು ಬೆಳಗ್ಗೆ ಹುಡುಗಿಗೆ ಚಾಪೆಯಿಂದ ಏಳಲಾಗಲಿಲ್ಲ. ಅವಳಮ್ಮ ಹಿಂದಿನ ಬಾಗಿಲಿಂದ ಬಂದು ನನ್ನನ್ನು ಹುಡುಕಿದಳು. “ಅಣ್ಣಾ, ಅರ್ಧ ದಿನ ರಜಾ ಕೇಳಿದೀನಿ. ಆಸ್ಪತ್ರೇಲಿ ಬರೆದುಕೊಡೋದು ನನಗೆ ಓದೋಕೆ ಬರಲ್ಲ. ನೀವೂ ಬನ್ನಿ.” ಹೋದೆ. ಹೋಗದಿದ್ದರೆ ಆ ಹುಡುಗಿಯ ಮುಖ ನೋಡಲು ನನಗೆ ಆಗುತ್ತಿರಲಿಲ್ಲ. ಹೋದರೂ ಆಗಲಿಲ್ಲ.

ಸರ್ಕಾರಿ ಆಸ್ಪತ್ರೆ. ಉದ್ದ ಸಾಲು. ಒಳಗೆ ಕೂತಿದ್ದ ಡಾಕ್ಟರಮ್ಮನಿಗೆ ಮೂವತ್ತು ದಾಟಿರಲಿಲ್ಲ, ಕಣ್ಣು ಮಾತ್ರ ನಿದ್ದೆಗೆಟ್ಟಿತ್ತು. ಅವರು ಹುಡುಗಿಯನ್ನೇ ಕೇಳಿದರು, ನಮ್ಮನ್ನಲ್ಲ. ನೋವಿಗೆ ನಿದ್ದೆಯಿಂದ ಎಚ್ಚರ ಆಗುತ್ತಾ. ಜ್ವರ ಬಂದಿತ್ತಾ. ಮೈ ಇಳಿದಿದೆಯಾ. ಕಾಲು ಜೋಮು ಹಿಡಿಯುತ್ತಾ. ಉಚ್ಚೆಗೆ ಹೋಗಲು ಕಷ್ಟ ಆಗುತ್ತಾ. ಎಲ್ಲದಕ್ಕೂ ಇಲ್ಲ ಅಂದಳು. ಹಿಮ್ಮಡಿಯ ಮೇಲೆ ನಡೆಸಿದರು, ತುದಿಗಾಲಿನಲ್ಲಿ ನಡೆಸಿದರು. ಬೆನ್ನೆಲುಬಿನ ಉದ್ದಕ್ಕೂ ಬೆರಳಿಟ್ಟು ಒತ್ತಿ ನೋಡಿದರು.

“ಭಾರ ಏನಾದ್ರೂ ಹೊರ್ತೀಯಾ?”

“ನೀರು.”

“ಮನೆಗಾ?”

“ಶಾಲೆಗೆ. ಮೂರನೇ ಮಹಡಿಗೆ.”

ಡಾಕ್ಟರಮ್ಮನ ಪೆನ್ನು ನಿಂತಿತು. ನನ್ನ ಖಾಕಿ ಅಂಗಿ ನೋಡಿದರು. “ನೀವ್ಯಾರು?”

“ಅಲ್ಲೇ ಗಂಟೆ ಹೊಡೆಯೋನು ಮೇಡಂ.”

ಬಯ್ಯುತ್ತಾರೆ ಅಂದುಕೊಂಡೆ. ಬಯ್ದಿದ್ದರೆ ಹಗುರಾಗುತ್ತಿತ್ತು. ಅವರು ತಾಯಿಯ ಕಡೆ ತಿರುಗಿದರು. “ಮೂಳೆಗೇನೂ ಆಗಿಲ್ಲಮ್ಮ, ಹೆದರಬೇಡಿ. ಸ್ನಾಯು ಸೋತಿವೆ, ಅಷ್ಟೇ. ನೋವು ಅಂತ ದಿನವಿಡೀ ಮಲಗಿಸಬೇಡಿ. ಓಡಾಡ್ಲಿ, ಆಡ್ಲಿ. ಭಾರ ಮಾತ್ರ ಮುಟ್ಟಬಾರ್ದು. ಚೀಲ ಎರಡೂ ಭುಜಕ್ಕೆ ಹಾಕ್ಕೋಬೇಕು, ಬೇಕಾದ ಪುಸ್ತಕ ಮಾತ್ರ ಇರಬೇಕು. ಒರಗಿಕೊಳ್ಳೋ ಹಾಗೆ ಕೂರಿಸಬೇಕು. ಜ್ವರ ಬಂದ್ರೆ, ಕಾಲು ಸೋತ ಹಾಗಾದ್ರೆ ಕಾಯಬೇಡಿ, ಆಗಲೇ ಬನ್ನಿ.” ಮಂಚದ ಮೇಲೆ ಮಲಗಿಸಿ ಮೂರು ವ್ಯಾಯಾಮ ತೋರಿಸಿದರು. ಮಂಡಿ ಮಡಚಿ ಸೊಂಟ ಎತ್ತುವುದು, ಬೆಕ್ಕಿನ ಹಾಗೆ ಬೆನ್ನು ಬಾಗಿಸುವುದು, ಇನ್ನೊಂದು ನನಗೆ ನೆನಪಿಲ್ಲ. ಆರು ವಾರ ಬಿಟ್ಟು ಬರಲು ಹೇಳಿದರು. ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದರು: ‘ಈ ಮಗು ಯಾವ ಭಾರವನ್ನೂ ಎತ್ತಕೂಡದು.’ ಕೆಳಗೆ ಗೆರೆ ಎಳೆದರು.

ಆ ಚೀಟಿಯನ್ನು ಅವಳಮ್ಮ ಎದೆಗೆ ಒತ್ತಿಕೊಂಡು ಪ್ರಾಂಶುಪಾಲರ ಕೋಣೆಗೆ ತಂದಳು. ಕೆಲಸಕ್ಕೆ ಸೇರಿದ ಮೇಲೆ ಆ ಕೋಣೆಗೆ ಅವಳು ಒರೆಸುವ ಬಟ್ಟೆ ಇಲ್ಲದೆ ಬಂದದ್ದು ಅದೇ ಮೊದಲು. ಪ್ರಾಂಶುಪಾಲರು ಚೀಟಿಯನ್ನು ಎರಡು ಸಲ ಓದಿದರು. ಮುಖ ಅರಳಿತು.

“ತುಂಬಾ ಒಳ್ಳೇ ಚೀಟಿ,” ಅಂದರು. “ಎಂಥಾ ಗಂಭೀರ ವಿಷಯ. ಮಕ್ಕಳ ಬೆನ್ನು ನೋವಿನ ಬಗ್ಗೆ ಯಾರಾದ್ರೂ ಯೋಚನೆ ಮಾಡಿದಾರಾ? ಯಾವ ಶಾಲೆಯೂ ಮಾಡಿಲ್ಲ. ನಾವು ಮಾಡೋಣ.”

ಅವಳಮ್ಮ ಕೈ ಮುಗಿದಳು. ಮಗಳಿಗೆ ನೀರು ಹೊರುವುದು ತಪ್ಪಿತು ಅಂದುಕೊಂಡಳು. ನಾನೂ ಹಾಗೇ ಅಂದುಕೊಂಡೆ. ಪ್ರಾಂಶುಪಾಲರು ಯೋಚನೆ ಮಾಡಿದ್ದು ಕಾರ್ಯಕ್ರಮದ ಬಗ್ಗೆ.

‘ನೆಟ್ಟಗಿನ ಬೆನ್ನು, ನಾಳಿನ ನಾಡು.’ ಗೇಟಿನ ಉದ್ದಕ್ಕೂ ಬ್ಯಾನರ್ ಕಟ್ಟಿದರು. ಬೆನ್ನುಮೂಳೆಯ ತಜ್ಞರನ್ನು ಕರೆಸುವುದೆಂದಾಯಿತು. ಚೀಲ ಮಾರುವ ಕಂಪನಿಯೊಂದು ಬಾಗಿಲಲ್ಲಿ ಮಳಿಗೆ ಹಾಕಲು ಮುಂದೆ ಬಂತು. ಮೂರನೇ ಮಹಡಿಯ ಸಭಾಂಗಣದಲ್ಲಿ ಪೋಷಕರು, ಶುಲ್ಕದ ಮಕ್ಕಳು ಸೇರಿ ನೂರೈವತ್ತು ಜನ. ಅಷ್ಟು ಜನ ಕೂರಬೇಕಲ್ಲ. ಕುರ್ಚಿಗಳಿದ್ದದ್ದು ನೆಲಮಹಡಿಯ ಉಗ್ರಾಣದಲ್ಲಿ. ಮಡಚುವ ಕಬ್ಬಿಣದ ಕುರ್ಚಿಗಳು, ಮೆತ್ತೆ ಹಾಕಿದವು. ಲಿಫ್ಟಿನಲ್ಲಿ ಸಾಗಿಸಿದರೆ ಕನ್ನಡಿಗೆ ಗೀರು ಬೀಳುತ್ತದೆ.

“ಸೇವಾ ಪಡೆ ಎಲ್ಲಿ?” ಅಂದರು ಪಿ.ಟಿ. ಮೇಷ್ಟರು.

ಹತ್ತೊಂಬತ್ತು ಮಕ್ಕಳನ್ನು ತರಗತಿಯಿಂದ ಎಬ್ಬಿಸಿ ತಂದೆ. ಕಡ್ಡಿಯನ್ನೂ ತಂದೆ. ಅವಳ ಅಮ್ಮ ಅಲ್ಲೇ ಮೆಟ್ಟಿಲು ಒರೆಸುತ್ತಿದ್ದವಳು ಓಡಿ ಬಂದು, “ಸರ್, ಚೀಟಿ ಕೊಟ್ಟಿದೀನಿ, ಭಾರ ಎತ್ತಬಾರದು ಅಂತ,” ಅಂದಳು. ಮಾತು ಆಫೀಸಿಗೆ ಹೋಯಿತು. ಪ್ರಾಂಶುಪಾಲರೇ ಹೊರಗೆ ಬಂದರು. ಸಮಾಧಾನದ ಮನುಷ್ಯ, ಎಂದೂ ದನಿ ಏರಿಸುವುದಿಲ್ಲ.

“ನೋಡಮ್ಮಾ, ಚೀಟೀಲಿ ಭಾರ ಅಂತ ಬರೆದಿದಾರೆ. ಭಾರ ಅಂದ್ರೆ ನೀರು, ಮೂಟೆ, ಅಂಥದ್ದು. ಇದು ಕುರ್ಚಿ. ಕುರ್ಚಿ ಭಾರದಲ್ಲಿ ಬರೋದಿಲ್ಲ, ಪೀಠೋಪಕರಣದಲ್ಲಿ ಬರುತ್ತೆ. ಮತ್ತೆ ಇದೆಲ್ಲ ಮಾಡ್ತಿರೋದು ಯಾರಿಗೋಸ್ಕರ? ನಿನ್ನ ಮಗಳ ಬೆನ್ನಿಗೋಸ್ಕರ.”

ಅವಳಮ್ಮ ನನ್ನ ಮುಖ ನೋಡಿದಳು. ನಾನು ಕುರ್ಚಿ ಎಣಿಸುತ್ತಿದ್ದವನ ಹಾಗೆ ತಲೆ ತಗ್ಗಿಸಿದೆ.

ಎಂಟೆಂಟು ಕುರ್ಚಿ ಹೊತ್ತವು ಮಕ್ಕಳು. ಒಂದು ಸಲಕ್ಕೆ ಒಂದು. ಐವತ್ತನಾಲ್ಕು ಮೆಟ್ಟಿಲು ಮೇಲೆ, ಐವತ್ತನಾಲ್ಕು ಮೆಟ್ಟಿಲು ಕೆಳಗೆ. ಕುರ್ಚಿಯ ಕಾಲು ಮೊಣಕಾಲಿಗೆ ಬಡಿಯುತ್ತಿತ್ತು. ಕಡ್ಡಿ ತನ್ನ ಕುರ್ಚಿಯನ್ನು ಎದೆಗೆ ಅವುಚಿಕೊಂಡು, ಒಂದೊಂದು ಮೆಟ್ಟಿಲಿಗೆ ಎರಡೂ ಕಾಲಿಟ್ಟು ಹತ್ತಿದಳು. ಐದನೆಯದಕ್ಕೆ ತುಟಿ ಬೆಳ್ಳಗಾಯಿತು. ಗಾರೆ ಕೆಲಸದವನ ಮಗ ಅವಳ ಪಾಲಿನ ಉಳಿದ ಮೂರನ್ನು ಹೊತ್ತ. ನಾನು ಕೆಳಗೆ ನಿಂತು ‘ಹುಷಾರು, ಹುಷಾರು’ ಅನ್ನುತ್ತಿದ್ದೆ. ನಾನು ಮಾಡಿದ ಉಪಕಾರ ಅಷ್ಟೇ.

ಕಾರ್ಯಕ್ರಮದ ದಿನ ಪೋಷಕರು ಬಂದು ಕೂತರು. ಶುಲ್ಕದ ಮಕ್ಕಳು ಮುಂದಿನ ಸಾಲುಗಳಲ್ಲಿ ಕೂತರು. ಸೇವಾ ಪಡೆ ಗೋಡೆಗುಂಟ ನಿಂತಿತು, ಕುರ್ಚಿ ಸಾಲದು ಎಂದು. ತಜ್ಞರು ಲಿಫ್ಟಿನಲ್ಲಿ ಬಂದರು. ಅವರ ಕೈಯಲ್ಲಿ ಪ್ಲಾಸ್ಟಿಕ್ಕಿನ ಬೆನ್ನುಮೂಳೆ. ಅದನ್ನು ಹೊರಲು ಅವರ ಸಹಾಯಕನಿದ್ದ, ಆದರೂ ಅವರೇ ಹಿಡಿದಿದ್ದರು, ಫೋಟೋಗೆ ಚೆನ್ನಾಗಿರುತ್ತದೆ.

ಪ್ರಾಂಶುಪಾಲರು ಸ್ವಾಗತ ಕೋರಿದರು. ಈ ಕಾರ್ಯಕ್ರಮಕ್ಕೆ ಪ್ರೇರಣೆ ನಮ್ಮದೇ ಶಾಲೆಯ ಒಬ್ಬ ಬಡ ವಿದ್ಯಾರ್ಥಿನಿ ಅಂದರು. ಕಡ್ಡಿಯನ್ನು ವೇದಿಕೆಗೆ ಕರೆದರು. ಚಪ್ಪಾಳೆ ಬಿತ್ತು. ತಜ್ಞರು ಅವಳ ಭುಜ ಹಿಡಿದು ಜನರಿಗೆ ಬೆನ್ನು ಮಾಡಿ ನಿಲ್ಲಿಸಿದರು. ಕೆಂಪು ಬೆಳಕು ಬಿಡುವ ಪೆನ್ನೊಂದನ್ನು ಜೇಬಿನಿಂದ ತೆಗೆದರು. ಅವಳ ಸಮವಸ್ತ್ರದ ಮೇಲೆ ಕೆಂಪು ಚುಕ್ಕೆ ಓಡಾಡಿತು. ಕತ್ತಿನಿಂದ ಸೊಂಟಕ್ಕೆ, ಸೊಂಟದಿಂದ ಕತ್ತಿಗೆ.

“ನೋಡಿ, ಬಲ ಭುಜ ಕೆಳಗಿದೆ. ಬೆನ್ನು ಇಲ್ಲಿ ಬಾಗಿದೆ. ತಪ್ಪು ಭಂಗಿ. ಗಂಟೆಗಟ್ಟಲೆ ಮೊಬೈಲ್ ನೋಡಿದ್ರೆ ಹೀಗಾಗುತ್ತೆ.”

ಅಯ್ಯೋ ಪಾಪ ಎಂಬ ಸದ್ದು ಎದ್ದಿತು. ಹುಡುಗಿ ಗೋಡೆ ನೋಡಿಕೊಂಡೇ ಏನೋ ಅಂದಳು. ಮೈಕು ಅವಳ ಬಾಯಿಗೆ ದೂರ ಇತ್ತು. ಮುಂದಿನ ಸಾಲಿನ ಒಬ್ಬ ಹುಡುಗ ನಕ್ಕ. ಅವಳ ಕಿವಿ ಕೆಂಪಾದದ್ದು ನನಗೆ ಹಿಂದಿನಿಂದಲೂ ಕಾಣಿಸಿತು. ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದ ಅವಳಮ್ಮ ಪೊರಕೆಯ ಹಿಡಿಯನ್ನು ಹಿಂಡುತ್ತಿದ್ದಳು.

ತಜ್ಞರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಬರುವುದಿಲ್ಲ. ಮೊಬೈಲಿನದೊಂದು ಬಿಟ್ಟರೆ ಎಲ್ಲ ಸರಿಯಾಗೇ ಹೇಳಿದರು. ಚೀಲದ ತೂಕ ಮಗುವಿನ ತೂಕದ ಹತ್ತರಲ್ಲಿ ಒಂದು ಪಾಲು ಮೀರಬಾರದು. ಬೆನ್ನಿಗೆ ಒರಗು ಬೇಕು. ಪಾದ ಪೂರ್ತಿ ನೆಲಕ್ಕೆ ತಾಗಬೇಕು. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಬೇಕು. ನೋವನ್ನು ಮುಚ್ಚಿಡಬಾರದು. ಕೊನೆಗೆ ದನಿ ಏರಿಸಿ ಅಂದರು:

“ಮಕ್ಕಳೇ, ನಿಮ್ಮ ಬೆನ್ನು ನಿಮ್ಮದು. ನಿಮ್ಮ ಶಕ್ತಿ ಮೀರಿ ಯಾರೇ ಭಾರ ಹೊರಿಸಿದ್ರೂ ನಯವಾಗಿ ಒಂದು ಮಾತು ಹೇಳಿ. ಏನು? ಆಗಲ್ಲ. ಎಲ್ರೂ ಹೇಳಿ ನೋಡೋಣ.”

“ಆಗಲ್ಲ,” ಅಂದಿತು ಸಭೆ.

“ಜೋರಾಗಿ.”

“ಆಗಲ್ಲ.”

ಮೂರು ಸಲ ಹೇಳಿಸಿದರು. ಪ್ರಾಂಶುಪಾಲರೂ ಹೇಳಿದರು, ಪಿ.ಟಿ. ಮೇಷ್ಟರೂ ಹೇಳಿದರು. ಎಲ್ಲರಿಗಿಂತ ಜೋರು ಮೇಷ್ಟರದೇ ದನಿ. ತಜ್ಞರಿಗೆ ಶಾಲು ಹೊದಿಸಿದರು. ಪೋಷಕರು ಕೆಳಗಿಳಿದು ಚೀಲದ ಮಳಿಗೆಗೆ ಮುತ್ತಿದರು.

ಮಧ್ಯಾಹ್ನ ಮೂರು ಗಂಟೆ. ಐದಕ್ಕೆ ಸಭಾಂಗಣವನ್ನು ನೃತ್ಯದ ತರಗತಿಗೆ ಬಾಡಿಗೆ ಕೊಟ್ಟಿದ್ದರು. ಪಿ.ಟಿ. ಮೇಷ್ಟರು ಕೈ ತಟ್ಟಿದರು. “ಸೇವಾ ಪಡೆ. ಬೇಗ ಬೇಗ. ಎಲ್ಲಾ ಕುರ್ಚಿ ಕೆಳಗೆ.”

ಮಕ್ಕಳು ಗೋಡೆ ಬಿಟ್ಟು ಬಂದರು. ಎರಡು ಗಂಟೆ ನಿಂತಿದ್ದ ಕಾಲುಗಳು. ಒಬ್ಬೊಬ್ಬರು ಒಂದೊಂದು ಕುರ್ಚಿಗೆ ಕೈ ಹಾಕಿದರು. ಕಡ್ಡಿ ಮೊದಲ ಸಾಲಿನ ನಡುವಿನ ಕುರ್ಚಿಯ ಹತ್ತಿರ ಹೋದಳು. ಮಡಚಲಿಲ್ಲ. ಕೂತಳು.

ಸುಮ್ಮನೆ ಕೂರಲಿಲ್ಲ. ಪೂರ್ತಿ ಹಿಂದಕ್ಕೆ ಸರಿದು ಬೆನ್ನು ಒರಗಿಸಿದಳು. ಎರಡೂ ಪಾದ ನೆಲಕ್ಕೆ ಊರಿದಳು. ಕೈ ತೊಡೆಯ ಮೇಲೆ.

“ಏಯ್, ಏಳು,” ಅಂದರು ಮೇಷ್ಟರು.

“ಆಗಲ್ಲ,” ಅಂದಳು.

ನಯವಾಗೇ ಅಂದಳು.

ಗಾರೆ ಕೆಲಸದವನ ಮಗ ಅವಳ ಪಕ್ಕದ ಕುರ್ಚಿಯಲ್ಲಿ ಕೂತ. ಅವನ ಪಾದ ನೆಲಕ್ಕೆ ಎಟುಕಲಿಲ್ಲ, ತುದಿಗೆ ಜರುಗಿ ಎಟುಕಿಸಿಕೊಂಡ. ಆಮೇಲೆ ಇನ್ನೊಬ್ಬಳು. ಆಮೇಲೆ ಯಾರು ಮೊದಲು, ಯಾರು ಕೊನೆ ಎಂದು ತಿಳಿಯಲಿಲ್ಲ. ಹತ್ತೊಂಬತ್ತೂ ಕೂತವು. ಮೊದಲ ಸಾಲು ತುಂಬಿ ಎರಡನೇ ಸಾಲಿಗೆ ಬಂತು.

“ಏನಿದು?” ಮೇಷ್ಟರ ಮುಖ ಕಪ್ಪಿಟ್ಟಿತು.

“ಡಾಕ್ಟರ್ ಹೇಳಿದ ಹಾಗೆ ಕೂತಿದೀವಿ ಸರ್,” ಅಂದ ಕುಳ್ಳ. ಅವನಿಗೆ ತಮಾಷೆ ಮಾಡುವ ಉದ್ದೇಶ ಇರಲಿಲ್ಲ. ಹೆದರಿ ನಿಜ ಹೇಳಿದ್ದ.

ಮೇಷ್ಟರು ಬಾಗಿಲ ಕಡೆ ತಿರುಗಿದರು. “ಬಾಮ್ಮಾ ಇಲ್ಲಿ. ನಿನ್ನ ಮಗಳ ಕೊಬ್ಬು ನೋಡು. ನಾಳೆಯಿಂದ ನೀನೂ ಮನೇಲಿರ್ತೀಯಾ, ಅವಳೂ ಮನೇಲಿರ್ತಾಳೆ.”

ಅವಳಮ್ಮ ಪೊರಕೆ ಹಿಡಿದೇ ಒಳಗೆ ಬಂದಳು. ಮಗಳ ಮುಂದೆ ನಿಂತಳು. “ಏಳೇ,” ಅಂದಳು ಮೆಲ್ಲಗೆ. “ನನ್ನ ಕೆಲಸ ಹೋಗುತ್ತೆ. ಎದ್ದು ಒಂದೆರಡು ಇಳಿಸಿಬಿಡು. ಉಳಿದಿದ್ದು ನಾನು ಹೊರ್ತೀನಿ.”

“ನೋಯ್ತಿದೆ ಅಮ್ಮ,” ಅಂದಳು ಹುಡುಗಿ. “ಇಲ್ಲಿ ಕೂತ್ರೆ ನೋಯಲ್ಲ.”

ಅಮ್ಮ ಬಗ್ಗಿ, ಕುರ್ಚಿಯ ಒರಗಿಗೂ ಮಗಳ ಬೆನ್ನಿಗೂ ನಡುವೆ ಕೈ ತೂರಿಸಿದಳು. ಸ್ವಲ್ಪ ಹೊತ್ತು ಕೈಯನ್ನು ಅಲ್ಲೇ ಇಟ್ಟಳು. ಆ ಶಾಲೆಯೊಳಗೆ ಅವಳು ಮಗಳನ್ನು ಮುಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೈ ತೆಗೆದಾಗ ಮುಖ ಬೇರೆಯಾಗಿತ್ತು. ಪೊರಕೆಯನ್ನು ನೆಲದ ಮೇಲೆ ಹಾಕಿದಳು.

“ಸರ್, ನಾನು ಓದು ಬರದೋಳು. ನಿಮಗೆ ಓದೋಕೆ ಬರುತ್ತಲ್ಲ? ಚೀಟಿ ಕೊಟ್ಟಿದೀನಿ. ನಿಮ್ಮ ಕಕ್ಕಸು ನಾನು ತೊಳೀತೀನಿ. ನಿಮ್ಮ ಕುರ್ಚಿ ನನ್ನ ಮಗಳು ಹೊರಲ್ಲ. ಹೊರಿಸ್ಬೇಕು ಅಂದ್ರೆ ನನ್ನನ್ನು ದಾಟಿ ಬನ್ನಿ.”

ಮೇಷ್ಟರು ದಾಟಿ ಬರಲಿಲ್ಲ. ನನ್ನ ಕಡೆ ತಿರುಗಿದರು. “ಏಯ್. ನೋಡ್ತಾ ನಿಂತಿದೀಯಲ್ಲ. ಎಬ್ಬಿಸು ಇವ್ರನ್ನ.”

ಹತ್ತೊಂಬತ್ತು ಜೊತೆ ಕಣ್ಣು ನನ್ನ ಮೇಲೆ. ಹೇಳಿದ ಹಾಗೆ ಕೇಳಿಕೊಂಡು ಬಂದವನು ನಾನು. ಈ ಮಕ್ಕಳನ್ನು ಪಾಠದಿಂದ ಎಬ್ಬಿಸಿ ಎಷ್ಟು ಸಲ ತಂದಿದ್ದೇನೋ ಲೆಕ್ಕವಿಲ್ಲ. ಧೈರ್ಯದಿಂದ ಹೇಳಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಯಾವುದೋ ಕುರ್ಚಿಯ ಬೆನ್ನು ಹಿಡಿದುಕೊಂಡೆ.

“ನನಗೂ ಆಗಲ್ಲ ಸರ್,” ಅಂದೆ. ಕೂತೆ.

ಐದು ಗಂಟೆಗೆ ನೃತ್ಯದವರು ಬಂದೇ ಬಂದರು. ಪಿ.ಟಿ. ಮೇಷ್ಟರು, ಗುಮಾಸ್ತರು, ಇಬ್ಬರು ಟೀಚರು ಸೇರಿ ಕುರ್ಚಿ ಇಳಿಸಿದರು. ಲಿಫ್ಟಿನಲ್ಲಿ. ಕನ್ನಡಿಗೆ ಗೀರು ಬಿತ್ತು. ಮರುದಿನ ನನಗೆ ಬಂದ ನೋಟೀಸಿನಲ್ಲಿ ಮೊದಲನೆಯ ಆರೋಪ ಕನ್ನಡಿಯ ಗೀರು. ಎರಡನೆಯದು, ಮಕ್ಕಳ ಮುಂದೆ ಕೂತದ್ದು.

ವಿಚಾರಣೆ ಆಯಿತು. ಅದರ ಕೊನೆ ಏನಾಯಿತು ಎಂದು ಮೊದಲೇ ಹೇಳುತ್ತೇನೆ. ವಿಚಾರಣಾ ಸಮಿತಿಯಲ್ಲಿ ಪೋಷಕರ ಪರವಾಗಿ ಒಬ್ಬ ವಕೀಲೆ ಇದ್ದರು. ಅವರ ಮಗನೂ ಏಳನೇ ತರಗತಿ. ಆಸ್ಪತ್ರೆಯ ಚೀಟಿ ಎಲ್ಲಿ ಎಂದು ಕೇಳಿದವರು ಅವರು. ಚೀಟಿ ಸಿಕ್ಕಿತು, ‘ಕಾರ್ಯಕ್ರಮಗಳು’ ಎಂಬ ಕಡತದಲ್ಲಿ, ಬ್ಯಾನರಿನ ರಸೀದಿಯ ಕೆಳಗೆ. ಈ ವಿಷಯ ಶಾಲೆಯ ಗೇಟು ದಾಟಿದರೆ ಏನಾಗುತ್ತದೆ ಎಂದು ಅವರು ಮೆಲ್ಲಗೆ ವಿವರಿಸಿದರಂತೆ. ಸೇವಾ ಪಡೆಯ ಬಿಲ್ಲೆಗಳನ್ನು ವಾಪಸು ಪಡೆದರು. ನೀರು ಲಿಫ್ಟಿನಲ್ಲಿ ಹೋಗತೊಡಗಿತು. ಕೊನೆಯ ಸಾಲಿನ ಬೆಂಚನ್ನು ಗೋಡೆಗೆ ತಾಗಿಸಿ ಹಾಕಿಸಿದರು; ಗೋಡೆಯೇ ಒರಗು. ಲಾಕರ್ ಕೊಡಲಿಲ್ಲ, ಕಾರಿಡಾರಿನಲ್ಲಿ ಬೀಗವಿಲ್ಲದ ಹಳೆಯ ಬೀರು ಕೊಟ್ಟರು. ವರ್ಷದ ವರದಿಯಲ್ಲಿ ಪ್ರಾಂಶುಪಾಲರು ಇದನ್ನೆಲ್ಲ ‘ನಮ್ಮ ಬೆನ್ನು ಸಂರಕ್ಷಣಾ ಯೋಜನೆ’ ಎಂದು ಬರೆಸಿ ಫೋಟೋ ಹಾಕಿಸಿದರು. ಅವಳಮ್ಮನನ್ನು ತೆಗೆಯಲಿಲ್ಲ, ಗಂಡುಮಕ್ಕಳ ಕಕ್ಕಸಿಗೆ ಹಾಕಿದರು. ನನ್ನನ್ನು ಗೇಟಿಗೆ ಹಾಕಿದರು. ಈಗ ಗಂಟೆ ತನ್ನಷ್ಟಕ್ಕೆ ಹೊಡೆದುಕೊಳ್ಳುತ್ತದೆ, ಕರೆಂಟಿನದು.

ಹುಡುಗಿ ಆರು ವಾರ ದಿನಾ ಬೆಳಗ್ಗೆ ಚಾಪೆಯ ಮೇಲೆ ಬೆಕ್ಕಿನ ಹಾಗೆ ಬೆನ್ನು ಬಾಗಿಸಿದಳು. ಅಮ್ಮ ಚೀಲಕ್ಕೆ ಹೊಸ ಪಟ್ಟಿ ಹೊಲಿದಳು. ಎರಡನೇ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಬಗ್ಗಿಸಿ, ನೆಗೆಸಿ ನೋಡಿ, ಇನ್ನು ಬರಬೇಕಾಗಿಲ್ಲ ಅಂದರು.

ಇಷ್ಟೆಲ್ಲ ಆಯಿತು. ಆದರೆ ಯಾರಾದರೂ ಕೇಳಿದರೆ ನಾನು ಹೇಳುವುದು ವಿಚಾರಣೆಯ ದಿನದ ಒಂದು ಗಳಿಗೆಯನ್ನು.

ಆಫೀಸಿನ ಪಕ್ಕದ ಕೋಣೆ. ಉದ್ದ ಮೇಜು. ಆ ಕಡೆ ಟ್ರಸ್ಟಿ, ಪ್ರಾಂಶುಪಾಲರು, ವಕೀಲೆ. ಈ ಕಡೆ ಒಂದು ಕುರ್ಚಿಯಲ್ಲಿ ಪಿ.ಟಿ. ಮೇಷ್ಟರು, ಸಾಕ್ಷಿಗೆ. ನಾನು ಗೋಡೆಯ ಪಕ್ಕ ನಿಂತಿದ್ದೆ. ಅವಳಮ್ಮನನ್ನು ಒಳಗೆ ಬಿಟ್ಟಿರಲಿಲ್ಲ. ಹುಡುಗಿಯನ್ನು ಕರೆದರು. ಬಂದು ಮೇಜಿನ ಮುಂದೆ ನಿಂತಳು. ಟ್ರಸ್ಟಿ ವಯಸ್ಸಾದವರು, ಕನ್ನಡಕ ಸರಿಮಾಡಿಕೊಂಡರು.

“ಹೆದರಬೇಡಮ್ಮ. ಅವತ್ತು ಏನಾಯ್ತು, ಯಾರು ಹೇಳಿಕೊಟ್ರು, ಎಲ್ಲ ಇಲ್ಲೇ ನಿಂತು ಹೇಳು.”

“ನಿಂತು ಹೇಳಲ್ಲ,” ಅಂದಳು. “ಕೂತು ಹೇಳ್ತೀನಿ.”

ಪ್ರಾಂಶುಪಾಲರು ಕೆಮ್ಮಿದರು. ಕೋಣೆಯಲ್ಲಿ ಇನ್ನೊಂದು ಕುರ್ಚಿ ಇರಲಿಲ್ಲ. ವಕೀಲೆ, “ಒಂದು ಕುರ್ಚಿ ತರಿಸಿ,” ಅಂದರು. ಟ್ರಸ್ಟಿ ಅಭ್ಯಾಸಬಲದಿಂದ ನನ್ನ ಕಡೆ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ. ಅವರು ಹುಡುಗಿಯ ಕಡೆ ನೋಡಿದರು. ಅವಳು ಅವರನ್ನೇ ನೋಡಿದಳು. ಯಾರೂ ಅಲ್ಲಾಡಲಿಲ್ಲ.

ಕಡೆಗೆ ಪಿ.ಟಿ. ಮೇಷ್ಟರು ಎದ್ದು ಹೊರಗೆ ಹೋದರು. ಉಗ್ರಾಣದ ಬಾಗಿಲು ತೆಗೆದ ಸದ್ದು, ಕಬ್ಬಿಣ ಕಬ್ಬಿಣಕ್ಕೆ ತಾಗಿದ ಸದ್ದು. ಕುರ್ಚಿಯನ್ನು ಮೈಯಿಂದ ದೂರ ಹಿಡಿದುಕೊಂಡು ಬಂದರು. ಬಿಡಿಸಿ ಮೇಜಿನ ಮುಂದೆ ಇಟ್ಟರು. ಸೊಂಟದ ಮೇಲೆ ಕೈಯಿಟ್ಟು ನೆಟ್ಟಗಾದರು.

ಹುಡುಗಿ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಸ್ವಲ್ಪ ಎಳೆದುಕೊಂಡಳು. ಕೂತಳು.

“ಈಗ ಕೇಳಿ,” ಅಂದಳು.